ತೊಟ್ಟಿಲು: ನಿಮ್ಮ ಊರಿನಲ್ಲಿ ಅದು ಎಲ್ಲೆಲ್ಲಿ ತೂಗುತ್ತಿದೆ?

ಹುಬ್ಬಳ್ಳಿಯ ಅಕ್ಕ

ನಮ್ಮ ತವರುಮನೆಯ ಅಟ್ಟದಲ್ಲಿ ಒಂದು ಕಲಘಟಗಿ ತೊಟ್ಟಿಲಿದೆ. ಸಾಗವಾನಿ ಮರದ್ದು. ನಾಲ್ಕೂ ಮೂಲೆಗೆ ಕಡೆದ ಕಂಬಗಳು, ಪಕ್ಕದ ಹಲಗೆಯ ಮೇಲೆ ಕೃಷ್ಣನ ಬಾಲಲೀಲೆ. ಕೆಂಪು ಬಣ್ಣ ಇವತ್ತಿಗೂ ಮಾಸಿಲ್ಲ. ಈಗ ಮನೆ ಪಾಲಾಗುತ್ತಿದೆ. ಹಳೆಯ ಸಾಮಾನು ಕೊಳ್ಳುವವರೊಬ್ಬರು ಬಂದು ನೋಡಿ ಒಳ್ಳೆಯ ಬೆಲೆಯನ್ನೇ ಹೇಳಿ ಹೋಗಿದ್ದಾರೆ. ಒಂದು ಬದಿಯ ಕಟಕಟೆ ಕಿತ್ತು, ಗಾದಿ ಹಾಸಿ, ಯಾವುದೋ ರೆಸಾರ್ಟಿನ ಜಗಲಿಯಲ್ಲಿ ಕೂರುವ ಆಸನ ಮಾಡುತ್ತಾರಂತೆ. ತಮ್ಮಂದಿರಿಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಆ ತೊಟ್ಟಿಲು ಎಂದೂ ನಮ್ಮ ಮನೆಗಷ್ಟೇ ಸೇರಿದ್ದಾಗಿರಲಿಲ್ಲ. ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಹೆಸರಿಡುವ ದಿನಕ್ಕೆ ಮುಂಚೆ ಅವರ ಮನೆಯವರು ಬಂದು ಹೊತ್ತುಕೊಂಡು ಹೋಗುತ್ತಿದ್ದರು. ಬಾಡಿಗೆ ಎಂಬ ಮಾತೇ ಇರಲಿಲ್ಲ. ಹಿಂದಕ್ಕೆ ತರುವಾಗ ಬರಿದಾಗಿ ತರಬಾರದೆಂದು ಒಳಗೆ ಅಕ್ಕಿ, ತೆಂಗಿನಕಾಯಿ, ಒಂದು ಖಣ ಇಟ್ಟು ತರುತ್ತಿದ್ದರು. ಯಾರ ಮನೆಗೆ ಹೋಗಿದೆ, ಮುಂದಿನ ಸರದಿ ಯಾರದು ಎಂಬುದೆಲ್ಲ ನಮ್ಮ ಅವ್ವನಿಗೆ ಬಾಯಿಪಾಠವಾಗಿತ್ತು. ಜಾತಿ ಕೇಳಿ ಕೊಟ್ಟದ್ದನ್ನು ನಾನು ನೋಡಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ: ನಿಮ್ಮ ಕಡೆ ತೊಟ್ಟಿಲು ಎಂದರೆ ಏನು? ಮನೆಯಲ್ಲಿ, ಗುಡಿಯಲ್ಲಿ, ಜಾತ್ರೆಯಲ್ಲಿ ಅದು ಯಾವ ಯಾವ ಕೆಲಸಕ್ಕೆ ಬರುತ್ತದೆ? ಹಳೆಯ ತೊಟ್ಟಿಲನ್ನು ಈಗಿನ ಮನೆಗಳಲ್ಲಿ ಬಳಸುವುದು ಸಾಧ್ಯವೇ? ಬಲ್ಲವರು ವಿವರವಾಗಿ ಬರೆಯಿರಿ. ನಾಲ್ಕು ಜನರ ಮಾತು ತಮ್ಮಂದಿರಿಗೆ ತೋರಿಸಬೇಕಾಗಿದೆ.

ಮರಗೆಲಸದ ಮನೆಯವನು

ಅಕ್ಕಾ, ಮೊದಲು ಒಂದು ಮಾತು. ಅದನ್ನು ಸೋಡಾ ಪುಡಿಯಿಂದಾಗಲಿ ಸ್ಪಿರಿಟ್‌ನಿಂದಾಗಲಿ ಒರೆಸಬೇಡಿ. ಕಲಘಟಗಿ ತೊಟ್ಟಿಲಿನ ಬಣ್ಣ ಅರಗಿನದು. ಸ್ಪಿರಿಟ್ ತಾಗಿದರೆ ಅರಗು ಕರಗುತ್ತದೆ, ಸೋಡಾ ನೀರಿಗೂ ಅಷ್ಟೇ. ಹಸಿ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ತೇವ ತೆಗೆಯಿರಿ. ಬಿಸಿಲಿಗೆ ಇಡಬೇಡಿ.

ಕಲಘಟಗಿ ಇರುವುದು ಹುಬ್ಬಳ್ಳಿಯಿಂದ ಯಲ್ಲಾಪುರ, ಕಾರವಾರದ ಕಡೆ ಹೋಗುವ ಹೆದ್ದಾರಿಯಲ್ಲಿ. ಬಯಲುಸೀಮೆ ಮುಗಿದು ಕಾಡು ಶುರುವಾಗುವ ಜಾಗ. ಹಿಂದೆಯೇ ಹಳಿಯಾಳ, ಯಲ್ಲಾಪುರದ ಸಾಗವಾನಿ ಕಾಡು, ಮುಂದೆ ಧಾರವಾಡ ಸೀಮೆಯ ಕೊಳ್ಳುವ ಜನ. ಈ ಕಸುಬು ಅಲ್ಲಿ ಬೇರೂರಿದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಅರಗು ಎಂದರೆ ಮುತ್ತುಗ, ಬೋರೆಯಂಥ ಮರಗಳ ಕೊಂಬೆಗಳಲ್ಲಿ ಸಣ್ಣ ಹುಳುಗಳು ಸ್ರವಿಸುವ ಅಂಟು. ಅದನ್ನು ಕಾಯಿಸಿ, ಬಣ್ಣ ಬೆರೆಸಿ, ಎಳೆದು ಮಡಚಿ ಕಡ್ಡಿ ಮಾಡಿಕೊಳ್ಳುತ್ತಾರೆ. ಕಂಬ, ಸಲಾಕೆ, ಗುಂಡುಗಳನ್ನು ಲೇತ್‌ಗೆ ಕೊಟ್ಟು ತಿರುಗಿಸುತ್ತ ಆ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆಮೇಲೆ ಕೇದಗೆಯ ಎಲೆಯನ್ನು ಅದರ ಮೇಲೆ ಹಿಡಿದರೆ ಹೊಳಪು ಬರುತ್ತದೆ. ಹಲಗೆಗಳನ್ನು ಹೀಗೆ ತಿರುಗಿಸಲು ಬರುವುದಿಲ್ಲ. ಅವಕ್ಕೆ ಕೈಯಲ್ಲೇ ಶಾಖ ಕೊಟ್ಟು ಉಜ್ಜಬೇಕು. ನಿಮ್ಮ ತೊಟ್ಟಿಲಿನ ಹಲಗೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ, ಉಜ್ಜಿದ ಕೈಯ ಗುರುತು ಸಣ್ಣ ಅಲೆಯಾಗಿ ಕಾಣುತ್ತದೆ. ಬ್ರಷ್ ಹೊಡೆದ ಎಣ್ಣೆ ಬಣ್ಣದಲ್ಲಿ ಆ ಅಲೆ ಇರುವುದಿಲ್ಲ.

ಕಟಕಟೆ ಕಿತ್ತರೆ ಮುಗಿಯಿತು. ಗೂಟ ಹಾಕಿ ಒಂದರೊಳಗೊಂದು ಕೂಡಿಸಿದ ಕೆಲಸ ಅದು. ಒಂದು ಬದಿ ಬಿಚ್ಚಿದರೆ ಉಳಿದ ಮೂರಕ್ಕೂ ಹಿಡಿತ ಹೋಗುತ್ತದೆ. ಕೊಡಬೇಡಿ ಅಕ್ಕಾ. ಇಂಥ ಕೆಲಸ ಕಲಿತ ಮನೆಗಳು ಈಗ ಬೆರಳೆಣಿಕೆಯಷ್ಟಿವೆ.

ಶಿರಸಿ ಸೀಮೆ

ನಮ್ಮಲ್ಲಿ ಮಕ್ಕಳಿಗೆ ತೊಟ್ಟಿಲು ಎಂದರೆ ಮೊದಲು ನೆನಪಾಗುವುದು ಜಾತ್ರೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. "ಈ ಸಲ ಎಷ್ಟು ತೊಟ್ಟಿಲು ಬಂದಿವೆ?" ಎಂದು ಕೇಳಿದರೆ ಅದು ಗಾಳಿಯಲ್ಲಿ ಸುತ್ತುವ ದೊಡ್ಡ ಚಕ್ರದ ಮಾತು. ಕೆಲವು ಕಡೆ ರಂಕಲರಾಟೆ ಎನ್ನುತ್ತಾರೆ, ಪೇಟೆಯವರು ಜಾಯಿಂಟ್ ವೀಲ್ ಎನ್ನುತ್ತಾರೆ. ನಮಗೆ ತೊಟ್ಟಿಲೇ. ಮೊದಲು ಮರದ ತೊಟ್ಟಿಲಿತ್ತು. ನಾಲ್ಕು ಪೆಟ್ಟಿಗೆ, ಇಬ್ಬರು ಗಟ್ಟಿ ಆಳುಗಳು ಕೈಯಿಂದಲೇ ಎಳೆದು ತಿರುಗಿಸುತ್ತಿದ್ದರು. ಮೇಲಿನ ಪೆಟ್ಟಿಗೆ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಆಗುವ ಜುಮ್ಮೆನ್ನುವಿಕೆಗೆ ಹೆಂಗಸರು ಮಕ್ಕಳೆಲ್ಲ ಕಿರುಚುವುದು ದೂರದ ಬೀದಿಗೂ ಕೇಳುತ್ತಿತ್ತು. ಜಾತ್ರೆ ಮುಗಿದು ಊರಿಗೆ ಹೊರಟ ನೆಂಟರನ್ನು "ತೊಟ್ಟಿಲು ಹತ್ತಿದಿರಾ?" ಎಂದು ಕೇಳದೆ ಕಳುಹಿಸುವುದಿಲ್ಲ.

ಬೆಂಗಳೂರಿನ ಹೊಸ ಅಪ್ಪ

ನಮಗೆ ಮಗು ಹುಟ್ಟಿ ಎರಡು ತಿಂಗಳು. ಹಾಸನದ ಅತ್ತೆಮನೆಯಿಂದ ಹಳೆಯ ಮರದ ತೊಟ್ಟಿಲು ಬಂದಿದೆ. ಆದರೆ ನಾವಿರುವ ಬಾಡಿಗೆ ಫ್ಲ್ಯಾಟಿನಲ್ಲಿ ಕೊಂಡಿಯಿಲ್ಲ. ಸ್ಲ್ಯಾಬ್ ಕೊರೆಯಲು ಮಾಲೀಕರು ಬಿಡುವುದಿಲ್ಲ. ಫ್ಯಾನಿನ ಕೊಂಡಿಗೆ ನೇತುಹಾಕೋಣವೆಂದು ಮಾವನವರು ಹೇಳುತ್ತಿದ್ದಾರೆ. ಸರಿಯೇ?

ಮರಗೆಲಸದ ಮನೆಯವನು

ಬೇಡ ಸರ್, ದಯವಿಟ್ಟು ಬೇಡ. ಹಳೆಯ ಮನೆ ಕಟ್ಟುವಾಗಲೇ ತೊಲೆಗೆ ಕಬ್ಬಿಣದ ಬಳೆ ಹಾಕಿಸುತ್ತಿದ್ದರು. ಆ ಮನೆಯಲ್ಲಿ ಮಕ್ಕಳು ಆಗುತ್ತಲೇ ಇರುತ್ತವೆ ಎಂಬ ಲೆಕ್ಕ ಅದು. ಫ್ಯಾನಿನ ಕೊಂಡಿ ಫ್ಯಾನಿಗಾಗಿ ಇರುವುದು. ತೂಗುವ ಭಾರ ದಿನವೂ ಅದನ್ನು ಅತ್ತಿತ್ತ ಜಗ್ಗಿದರೆ ಒಳಗೆ ಸಡಿಲವಾದದ್ದು ಹೊರಗೆ ಕಾಣುವುದಿಲ್ಲ. ಅಗಲ ಕಾಲಿನ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಇನ್ನೆರಡು ಪರೀಕ್ಷೆ ಮಾಡಿ: ಕಟಕಟೆಯ ಸಲಾಕೆಗಳ ನಡುವೆ ಆರು ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇದ್ದರೆ ಮಗುವಿನ ಮೈ ಜಾರಿ ತಲೆ ಸಿಕ್ಕಿಕೊಳ್ಳಬಹುದು, ಅದನ್ನು ಮುಚ್ಚಿಸಬೇಕು. ಮೇಲೆ ಯಾರಾದರೂ ಇತ್ತೀಚಿನ ದಶಕಗಳಲ್ಲಿ ಎನಾಮಲ್ ಬಣ್ಣ ಹೊಡೆಸಿದ್ದರೆ ಅದರಲ್ಲಿ ಸೀಸ ಇರುವ ಸಂಭವ ಹೆಚ್ಚು. ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ಹಲ್ಲು ಬರುವ ಮಗು ಕಟಕಟೆಯನ್ನೇ ಕಚ್ಚುತ್ತದೆ.

ಭೌತಶಾಸ್ತ್ರದ ಮೇಷ್ಟ್ರು

ಸ್ಟ್ಯಾಂಡಿನ ತೊಟ್ಟಿಲಿನಲ್ಲಿ ಮಗು ಬೇಗ ಮಲಗುವುದಿಲ್ಲ, ಅಜ್ಜಿಯ ಮನೆಯ ತೊಟ್ಟಿಲಿನಲ್ಲಿ ಮಲಗುತ್ತದೆ ಎಂದು ಬಹಳ ಜನ ಹೇಳುವುದನ್ನು ಕೇಳಿದ್ದೇನೆ. ತೂಗಿನಲ್ಲಿ ವ್ಯತ್ಯಾಸವಿರುವುದಂತೂ ನಿಜ. ತೊಟ್ಟಿಲು ಒಂದು ಲೋಲಕ. ಒಮ್ಮೆ ಹೋಗಿ ಬರಲು ಅದಕ್ಕೆ ಬೇಕಾದ ಸಮಯ ಸರಪಳಿಯ ಉದ್ದವನ್ನು ಅವಲಂಬಿಸುತ್ತದೆ. ಮಗುವಿನ ತೂಕವಾಗಲಿ ತೊಟ್ಟಿಲಿನ ತೂಕವಾಗಲಿ ಲೆಕ್ಕಕ್ಕೆ ಬರುವುದಿಲ್ಲ. ಎತ್ತರದ ತೊಲೆಯಿಂದ ಎರಡೂವರೆ ಮೀಟರ್ ಇಳಿಬಿದ್ದ ತೊಟ್ಟಿಲು ಒಮ್ಮೆ ಹೋಗಿ ಬರಲು ಮೂರು ಸೆಕೆಂಡಿಗಿಂತ ತುಸು ಹೆಚ್ಚು ತೆಗೆದುಕೊಳ್ಳುತ್ತದೆ. ಸ್ಟ್ಯಾಂಡಿನಲ್ಲಿ ಅರವತ್ತು ಸೆಂಟಿಮೀಟರ್ ಇಳಿದರೆ ಒಂದೂವರೆ ಸೆಕೆಂಡ್ ಮಾತ್ರ. ಅಂದರೆ ಅದೇ ಮಗುವನ್ನು ಎರಡರಷ್ಟು ಬೇಗ ಅಲ್ಲಾಡಿಸುತ್ತಿದ್ದೀರಿ. ಜೋಗುಳದ ಧಾಟಿಗಳು ಅಷ್ಟು ನಿಧಾನವಾಗಿರುವುದಕ್ಕೂ ಆ ಉದ್ದ ಸರಪಳಿಗೂ ಸಂಬಂಧವಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ಹಾಡುವವಳ ಕೈ ಹಗ್ಗದ ಮೇಲಿದ್ದಾಗ ತಾಳ ಹಾಕುವುದು ತೊಟ್ಟಿಲೇ.

ನಾವು ತರಗತಿಯಲ್ಲಿ ತೋರಿಸುವ ಇನ್ನೊಂದು ತೊಟ್ಟಿಲಿದೆ, ನ್ಯೂಟನ್‌ನ ತೊಟ್ಟಿಲು. ಸಾಲಾಗಿ ಐದು ಉಕ್ಕಿನ ಗುಂಡುಗಳು. ಒಂದು ಬದಿಯ ಗುಂಡನ್ನು ಎತ್ತಿ ಬಿಟ್ಟರೆ ನಡುವಿನ ಮೂರು ಅಲುಗದೆ ಇನ್ನೊಂದು ಬದಿಯ ಗುಂಡು ಮಾತ್ರ ಹಾರುತ್ತದೆ. ಹೆಸರು ನ್ಯೂಟನ್‌ನದಾದರೂ ಇಂಥ ಡಿಕ್ಕಿಗಳನ್ನು ಅವನಿಗಿಂತ ಮೊದಲು ಪರೀಕ್ಷಿಸಿ ಬರೆದವನು ಫ್ರಾನ್ಸಿನ ಮಾರಿಯಟ್. ನ್ಯೂಟನ್ ತನ್ನ ಗ್ರಂಥದಲ್ಲಿ ಅವನನ್ನು ನೆನೆದಿದ್ದಾನೆ.

ಮಕ್ಕಳ ವಾರ್ಡಿನ ಶುಶ್ರೂಷಕಿ

ಹೊಸ ಅಪ್ಪನವರಿಗೆ: ಸ್ಟ್ಯಾಂಡಿನ ಜೊತೆಗೆ ಒಳಗೆ ಏನು ಹಾಸುತ್ತೀರಿ ಎಂಬುದೂ ಮುಖ್ಯ. ಮಗುವನ್ನು ಬೆನ್ನ ಮೇಲೆ, ಸಮತಟ್ಟಾದ ಗಟ್ಟಿ ಹಾಸಿಗೆಯ ಮೇಲೆ ಮಲಗಿಸಬೇಕು. ದಿಂಬು ಬೇಡ, ಮುಖದ ಹತ್ತಿರ ಮೆತ್ತನೆಯ ಬಟ್ಟೆ, ಗೊಂಬೆ ಬೇಡ. ಸೀರೆಯ ಜೋಲಿಯಲ್ಲಿ ಮಗು ಬಾಗಿದ ಹಾಗೆ ಮಲಗುತ್ತದೆ. ಗದ್ದ ಎದೆಗೆ ತಾಗಿದರೆ ಚಿಕ್ಕ ಕೂಸಿನ ಉಸಿರು ಕಟ್ಟುತ್ತದೆ, ಅದು ಅಳಲೂ ಆಗದೆ ಸುಮ್ಮನಾಗುತ್ತದೆ. ಸುಮ್ಮನಾಯಿತೆಂದು ನಾವು ಕೆಲಸಕ್ಕೆ ಹೋಗುತ್ತೇವೆ. ಜೋಲಿ ಕಟ್ಟಲೇಬೇಕಾದವರು ಜೋಲಿಯ ಬಾಯಿಗೆ ಅಡ್ಡಕೋಲು ಕೊಟ್ಟು ಅಗಲ ಮಾಡಿ, ಮುಖ ಕಾಣುವಂತೆ ಇಟ್ಟು, ಕಣ್ಣಳತೆಯಲ್ಲೇ ಇರಿ. ತೆವಳುವ, ನಿಲ್ಲುವ ಮಕ್ಕಳನ್ನು ಜೋಲಿಯ ಹತ್ತಿರ ಬಿಡಲೇಬೇಡಿ. ಸೀರೆ ಕುತ್ತಿಗೆಗೆ ಸುತ್ತಿಕೊಂಡ ಮಕ್ಕಳನ್ನು ನಾವು ವಾರ್ಡಿನಲ್ಲಿ ನೋಡಿದ್ದೇವೆ.

ಮಂಡ್ಯದ ಅಜ್ಜಿ

ತಾಯಿ, ನಿಮ್ಮ ಕಾಳಜಿ ಒಪ್ಪಿದೆ. ಆದರೆ ಸಾಸಿವೆ ದಿಂಬು ಕೂಡ ಬೇಡವೇ? ತಲೆ ಗುಂಡಗೆ ಕೂರಲೆಂದು ಹತ್ತಿಯ ಬದಲು ಸಾಸಿವೆಯೋ ರಾಗಿಯೋ ತುಂಬಿ ಹೊಲಿಯುತ್ತಿದ್ದೆವು. ಎಂಟು ಮಕ್ಕಳು, ಅವರ ಮಕ್ಕಳು, ಎಲ್ಲ ಅದರ ಮೇಲೆಯೇ ಬೆಳೆದರು.

ಮಕ್ಕಳ ವಾರ್ಡಿನ ಶುಶ್ರೂಷಕಿ

ಅಜ್ಜೀ, ನಿಮ್ಮ ಕಾಲದಲ್ಲಿ ತೊಟ್ಟಿಲಿನ ಪಕ್ಕದಲ್ಲಿ ಹಗಲೂ ರಾತ್ರಿ ಒಬ್ಬರಲ್ಲ ಒಬ್ಬರು ಇರುತ್ತಿದ್ದರು. ಬಾಣಂತಿ, ಅವಳ ತಾಯಿ, ನಾದಿನಿ, ಪಕ್ಕದ ಮನೆಯವರು. ಆ ಕಣ್ಣುಗಳೇ ಕೂಸನ್ನು ಕಾದವು. ಈಗ ಗಂಡ ಕಚೇರಿಗೆ ಹೋದರೆ ಫ್ಲ್ಯಾಟಿನಲ್ಲಿ ತಾಯಿ ಒಬ್ಬಳೇ. ಅವಳು ಸ್ನಾನಕ್ಕೆ ಹೋದ ಹತ್ತು ನಿಮಿಷ ಮಗುವಿನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಆದ್ದರಿಂದ ಸಾಸಿವೆ ದಿಂಬೂ ಬೇಡ. ಎಚ್ಚರವಿರುವಾಗ, ನೀವು ಎದುರಿಗೆ ಕುಳಿತಿರುವಾಗ, ಮಗುವನ್ನು ಸ್ವಲ್ಪ ಹೊತ್ತು ಬೋರಲು ಮಲಗಿಸಿ ಆಡಿಸಿದರೆ ತಲೆಯೂ ಗುಂಡಗಾಗುತ್ತದೆ, ಕುತ್ತಿಗೆಯೂ ಗಟ್ಟಿಯಾಗುತ್ತದೆ.

ಮಂಡ್ಯದ ಅಜ್ಜಿ

ಪಕ್ಕದಲ್ಲಿ ಜನ ಇರುತ್ತಿದ್ದರು ಎಂಬುದು ನಿಜ ಮಗಳೇ. ಮೊಮ್ಮಗಳಿಗೆ ಹೇಳುತ್ತೇನೆ. ಖಾಲಿ ತೊಟ್ಟಿಲು ತೂಗಬಾರದು ಎಂದು ಮಕ್ಕಳನ್ನು ಗದರುತ್ತಿದ್ದುದೂ ನೆನಪಾಯಿತು. ತೂಗಿದರೆ ಕೂಸಿಗೆ ಹೊಟ್ಟೆನೋವು ಬರುತ್ತದೆ ಎನ್ನುತ್ತಿದ್ದೆವು. ಮಗುವನ್ನು ಮೊದಲ ಸಲ ಹಾಕುವ ದಿನ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ಕಾಡಿಗೆಯಲ್ಲಿ ಕಣ್ಣು ಮೂಗು ಬರೆದು ಅದನ್ನೇ ಮೊದಲು ಮಲಗಿಸುತ್ತಿದ್ದೆವು. ಆ ಗುಂಡಪ್ಪನ ಹಾಗೆ ಮಗು ಗಟ್ಟಿಯಾಗಿರಲಿ ಎಂದು. ಅದರ ಭಾರಕ್ಕೆ ಹಗ್ಗ, ಕೊಂಡಿ ತಡೆಯುತ್ತದೆಯೇ ಎಂಬುದೂ ಗೊತ್ತಾಗಿಬಿಡುತ್ತಿತ್ತು.

ಹುಬ್ಬಳ್ಳಿಯ ಅಕ್ಕ

ನಮ್ಮಲ್ಲೂ ಗುಂಡಪ್ಪ ಇದ್ದಾನೆ ಅಜ್ಜಿ. ಜೊತೆಗೆ ಸೋದರತ್ತೆಯ ಪಾಡು. ಅವಳು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೆಸರು ಉಸುರುವಾಗ ಸುತ್ತ ನಿಂತವರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ನನ್ನ ಬೆನ್ನಿಗೂ ಬಿದ್ದಿವೆ. ಆ ಗುದ್ದು ತಿನ್ನುವ ಹಕ್ಕು ಸೋದರತ್ತೆಗಲ್ಲದೆ ಬೇರೆಯವರಿಗಿಲ್ಲ.

ತೋಟದ ಸಾಲು

ಮರದ ತೊಟ್ಟಿಲು, ಬಣ್ಣ, ಗಿಳಿ, ಸರಪಳಿ, ಎಲ್ಲವೂ ಚೆನ್ನಾಗಿದೆ. ತೊಲೆಯೇ ಇಲ್ಲದವರ ಮಾತನ್ನೂ ಸ್ವಲ್ಪ ಆಡೋಣ. ನನ್ನ ತಾಯಿ ಚಿಕ್ಕಮಗಳೂರಿನ ಕಡೆ ಕಾಫಿ ತೋಟದಲ್ಲಿ ಕೆಲಸ ಮಾಡಿದವರು. ಹಣ್ಣು ಕೊಯ್ಯುವ ಕಾಲದಲ್ಲಿ ಸಿಲ್ವರ್ ಮರದ ಕೊಂಬೆಗೆ ಹಳೆಯ ಸೀರೆಯ ಜೋಲಿ ಕಟ್ಟಿ ನನ್ನ ತಂಗಿಯನ್ನು ಹಾಕುತ್ತಿದ್ದರು. ತೂಗಲು ನಾನು. ಇರುವೆ ಹತ್ತದಂತೆ ಕಟ್ಟಿದ ಕಡೆ ಸೀಮೆಎಣ್ಣೆ ಬಟ್ಟೆ ಸುತ್ತುತ್ತಿದ್ದರು. ಜಡೆ ಹೆಣೆದು ಶಾಲೆಗೆ ಹೋಗಬೇಕಾದ ವಯಸ್ಸಿನ ಹುಡುಗಿಯರು ಎಷ್ಟೋ ಜನ ಹೀಗೆ ಜೋಲಿಯ ಹಗ್ಗ ಹಿಡಿದೇ ದೊಡ್ಡವರಾದರು.

1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿಯೇ ಶಿಶುಪಾಲನಾ ಕೊಠಡಿಯ ಮಾತಿತ್ತು. 50 ಹೆಂಗಸರು ಕೆಲಸಕ್ಕಿದ್ದರೆ, ಇಲ್ಲವೇ ಅವರ ಮಕ್ಕಳು 20 ಇದ್ದರೆ, ತೋಟದವರು ಅದನ್ನು ನಡೆಸಬೇಕಿತ್ತು. ಅದಕ್ಕಿಂತ ಚಿಕ್ಕ ತೋಟದವರು, ಹಂಗಾಮಿಗೆ ಬರುವ ಆಳುಗಳು ಲೆಕ್ಕದ ಹೊರಗೇ ಉಳಿದರು. ಈಗ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ಬಂದಿದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳಲು 2023ರಲ್ಲಿ ಸರ್ಕಾರ 4,000 ಪಂಚಾಯಿತಿಗಳಿಗೆ ಘೋಷಿಸಿದ ಯೋಜನೆ ಇದು. ನಮ್ಮ ಪಂಚಾಯಿತಿಯದ್ದು ನಡೆಯುತ್ತಿದೆ. ಒಳಗೆ ಹೋಗಿ ನೋಡಿದೆ: ಗೋಡೆಗೆ ಬಣ್ಣ, ನೆಲಕ್ಕೆ ಚಾಪೆ, ಮೂಲೆಯಲ್ಲಿ ಕಬ್ಬಿಣದ ಎರಡು ತೊಟ್ಟಿಲು. ತೂಗುತ್ತಿದ್ದವಳು ಸಂಬಳ ಪಡೆಯುವ ಹೆಂಗಸು. ಅವಳಿಗೆ ಸಂಬಳ ಸಮಯಕ್ಕೆ ಸರಿಯಾಗಿ ಸಿಗುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಹಗ್ಗ ಮತ್ತೆ ಯಾರದೋ ಮನೆಯ ಹುಡುಗಿಯ ಕೈಗೆ ಬರುತ್ತದೆ.

ನಿವೃತ್ತ ಬ್ಯಾಂಕ್ ನೌಕರ, ಉಡುಪಿ

ನಾನೂ ಒಂದು ತೊಟ್ಟಿಲಿನ ವಿಷಯ ಹೇಳುತ್ತೇನೆ. ಅವಿಭಜಿತ ದಕ್ಷಿಣ ಕನ್ನಡವನ್ನು ಪತ್ರಿಕೆಗಳು ಬ್ಯಾಂಕುಗಳ ತೊಟ್ಟಿಲು ಎಂದು ಬರೆಯುತ್ತ ಬಂದಿವೆ. 1906ರ ಒಂದೇ ವರ್ಷದಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನು, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮುಂದೆ ಕೆನರಾ ಬ್ಯಾಂಕ್ ಆದ ನಿಧಿಯನ್ನು ಕಟ್ಟಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಒಂದು ಜಿಲ್ಲೆಯಲ್ಲಿ ಇಷ್ಟು.

ಈ ಬ್ಯಾಂಕುಗಳಿಗೆ ಹಾಲೂಡಿಸಿದವರು ಸಣ್ಣ ಜನ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿ ಶುರು ಮಾಡಿದರು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆ, ಅಂಗಡಿಗಳ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ನೇಕಾರ, ಮೀನು ಮಾರುವ ಹೆಂಗಸು, ಹೋಟೆಲಿನ ಮಾಣಿ, ಎಲ್ಲರಿಗೂ ಖಾತೆ ಆಯಿತು. ನಾನು ಸೇವೆಗೆ ಸೇರಿದಾಗಲೂ ಪಿಗ್ಮಿ ಪುಸ್ತಕ ಹಿಡಿದು ಬರುವ ಹೆಂಗಸರನ್ನು ಕೌಂಟರಿನಲ್ಲಿ ಕೂರಿಸಿ ಮಾತನಾಡಿಸಿ ಕಳುಹಿಸುತ್ತಿದ್ದೆವು.

ಕರಾವಳಿಯ ಓದುಗ

ಸರ್, ತೊಟ್ಟಿಲು ಎಂದು ಹಾಡಿ ಹೊಗಳುವವರು ಮಕ್ಕಳು ಏನಾದರು ಎಂಬುದನ್ನೂ ಹೇಳಬೇಕು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿತು. 2020ರಲ್ಲಿ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ, ಸಿಂಡಿಕೇಟ್ ಕೆನರಾಕ್ಕೆ. ಮೂರು ಹೆಸರುಗಳು ಬೋರ್ಡಿನಿಂದ ಇಳಿದವು. ನನ್ನ ಅಜ್ಜನ ಪಿಗ್ಮಿ ಪುಸ್ತಕ ಮನೆಯಲ್ಲಿದೆ, ಬ್ಯಾಂಕಿನ ಹೆಸರು ಇಲ್ಲ.

ನಿವೃತ್ತ ಬ್ಯಾಂಕ್ ನೌಕರ, ಉಡುಪಿ

ಒಪ್ಪುತ್ತೇನೆ. ಹೆಸರು ಇಳಿಸಿದ ದಿನ ನಮ್ಮಲ್ಲಿ ಹಲವರು ಅತ್ತರು. ಆ ಪುಸ್ತಕವನ್ನು ಜೋಪಾನವಾಗಿಡಿ.

ಮಡಿಕೇರಿಯಿಂದ

ಕೊಡಗನ್ನು ಹಾಕಿಯ ತೊಟ್ಟಿಲು ಎನ್ನುವುದು ಮಾತ್ರ ಇನ್ನೂ ಸುಳ್ಳಾಗಿಲ್ಲ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 60 ಮನೆತನಗಳು ಬಂದಿದ್ದವು. 2024ರಲ್ಲಿ ಆ ಸಂಖ್ಯೆ 360 ಮುಟ್ಟಿತು. ಅಪ್ಪ, ಮಗ, ಸೊಸೆ ಒಂದೇ ತಂಡದಲ್ಲಿ ಆಡುತ್ತಾರೆ.

ಚನ್ನಪಟ್ಟಣದ ಹತ್ತಿರದವಳು

ದೊಡ್ಡಮಳೂರಿನ ಅಪ್ರಮೇಯಸ್ವಾಮಿ ಗುಡಿಗೆ ಬಂದವರು ಅಂಬೆಗಾಲು ಕೃಷ್ಣನ ಸನ್ನಿಧಿಯನ್ನು ನೋಡಿಯೇ ಇರುತ್ತೀರಿ. ಮಕ್ಕಳಿಲ್ಲದವರು ಅಲ್ಲಿ ಹರಕೆ ಹೊತ್ತು ಪುಟ್ಟ ಮರದ ತೊಟ್ಟಿಲು ಒಪ್ಪಿಸುತ್ತಾರೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವು. ಗುಡಿಯ ಮುಂದಿನ ಅಂಗಡಿಗಳಲ್ಲಿ ಬೆಣ್ಣೆಯ ಜೊತೆಗೆ ಅವನ್ನೂ ಮಾರುತ್ತಾರೆ. ನಾನು ಮದುವೆಯಾಗಿ ಬಹಳ ವರ್ಷ ಕಾದವಳು. ಅಂಥದ್ದೊಂದನ್ನು ಕೊಳ್ಳುವಾಗ ಅಂಗಡಿಯಾಕೆ ನನ್ನ ಮುಖ ನೋಡಲಿಲ್ಲ, ಏನೂ ಕೇಳಲಿಲ್ಲ, ಕಾಗದದಲ್ಲಿ ಸುತ್ತಿ ಕೊಟ್ಟಳು. ಮನೆಯಲ್ಲಿ, ಮದುವೆ ಮನೆಗಳಲ್ಲಿ ಎಲ್ಲರೂ ಕೇಳುತ್ತಿದ್ದ ಪ್ರಶ್ನೆಯನ್ನು ಅವಳೊಬ್ಬಳು ಕೇಳಲಿಲ್ಲ. ಅದಕ್ಕಾಗಿ ಅವಳನ್ನು ಇವತ್ತಿಗೂ ನೆನೆಯುತ್ತೇನೆ.

ಬಸವನಬಾಗೇವಾಡಿ ಕಡೆಯವರು

ನಮ್ಮಲ್ಲಿ ಬಸವ ಜಯಂತಿಯ ದಿನ ಬಾಲ ಬಸವಣ್ಣನ ಮೂರ್ತಿಯನ್ನೋ ಭಾವಚಿತ್ರವನ್ನೋ ಹೂವಿನಿಂದ ಸಿಂಗರಿಸಿದ ತೊಟ್ಟಿಲಿನಲ್ಲಿಟ್ಟು ಹೆಂಗಸರೆಲ್ಲ ಸೇರಿ ಜೋಗುಳ ಹಾಡಿ ಹೆಸರಿಡುತ್ತಾರೆ. ಕೃಷ್ಣಾಷ್ಟಮಿ, ರಾಮನವಮಿಗಳಲ್ಲಿ ನಡೆಯುವ ಹಾಗೆಯೇ. ವಿಧವೆಯರನ್ನು ಹಿಂದೆ ಸರಿಸದೆ, ಮಕ್ಕಳಿಲ್ಲದವರನ್ನು ಬದಿಗಿಡದೆ ಎಲ್ಲರ ಕೈಗೂ ಹಗ್ಗ ಕೊಡಬೇಕೆಂದು ನಮ್ಮ ಓಣಿಯ ಹಿರಿಯರು ಪಟ್ಟು ಹಿಡಿದರು. ಈಗ ಅದೇ ರೂಢಿಯಾಗಿದೆ. ಚನ್ನಪಟ್ಟಣದ ತಂಗಿಯ ಮಾತು ಓದಿ ಇದನ್ನು ಬರೆಯಬೇಕೆನಿಸಿತು.

ಮಂಗಳೂರಿನ ಓದುಗಿ

ಕ್ರಿಸ್ಮಸ್ಸಿಗೆ ನಾವು ಮನೆಯಲ್ಲಿ, ಚರ್ಚಿನಲ್ಲಿ ಕಟ್ಟುವುದು ತೊಟ್ಟಿಲಲ್ಲ, ಗೋದಲಿ. ದನಗಳ ಮೇವಿನ ಬಾನಿಯಲ್ಲಿ, ಹುಲ್ಲಿನ ಮೇಲೆ ಮಲಗಿದ ಮಗು. ನಮ್ಮ ಅಜ್ಜಿ ಹೇಳುತ್ತಿದ್ದರು, ಆ ಮಗುವಿಗೆ ತೊಟ್ಟಿಲು ಕೊಡಲು ಯಾರೂ ಬಾಗಿಲು ತೆರೆಯಲಿಲ್ಲ, ಅದಕ್ಕೇ ಹಬ್ಬದ ಹಿಂದಿನ ದಿನ ಮನೆಗೆ ಯಾರು ಬಂದರೂ ಬರಿಗೈಯಲ್ಲಿ ಕಳುಹಿಸಬಾರದು ಎಂದು.

ಸ್ಯಾಕ್ರಮೆಂಟೊ ಕನ್ನಡಿಗ

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ತೊಳೆಯುವ ತೊಟ್ಟಿಲಿದೆ. 1848ರ ಜನವರಿಯಲ್ಲಿ ಇಲ್ಲಿಗೆ ಹತ್ತಿರದ ಕೊಲೊಮಾದ ನದಿಯಲ್ಲಿ ಚಿನ್ನ ಸಿಕ್ಕಿ, ಮರುವರ್ಷ ಜಗತ್ತಿನ ಮೂಲೆಮೂಲೆಯಿಂದ ಜನ ನುಗ್ಗಿದರು. ಅವರು ಬಳಸಿದ ಮರದ ಪೆಟ್ಟಿಗೆಗೆ ಅಡಿಯಲ್ಲಿ ಬಾಗಿದ ಎರಡು ಕಾಲು, ಮೇಲೆ ಜರಡಿ, ಒಳಗೆ ಅಡ್ಡಪಟ್ಟಿಗಳು. ಒಬ್ಬ ಅಗೆದು ತರುತ್ತಾನೆ, ಒಬ್ಬ ಮಣ್ಣು ಸುರಿಯುತ್ತಾನೆ, ಮತ್ತೊಬ್ಬ ನೀರು ಹೊಯ್ಯುತ್ತ ತೂಗುತ್ತಾನೆ. ಹಗುರವಾದ ಮಣ್ಣು ಹರಿದುಹೋಗಿ ಭಾರವಾದ ಚಿನ್ನ ಪಟ್ಟಿಗಳ ಹಿಂದೆ ನಿಲ್ಲುತ್ತದೆ. ಗಣಿಗಾರರು ಅದನ್ನು ತೊಟ್ಟಿಲು ಎಂದೇ ಕರೆದರು. ಶಾಲೆಯ ಮಕ್ಕಳನ್ನು ಕರೆತಂದು ಅದನ್ನು ತೂಗಿಸಿ ತೋರಿಸುತ್ತಾರೆ. ಆ ನದಿಯ ದಂಡೆಯಲ್ಲಿ ತಲೆತಲಾಂತರದಿಂದ ಬದುಕಿದ್ದ ಮೂಲನಿವಾಸಿಗಳ ಮಕ್ಕಳು ಆ ಓಟದಲ್ಲಿ ಊರು, ಜೀವ ಎರಡನ್ನೂ ಕಳೆದುಕೊಂಡರು. ಅದನ್ನೂ ಅಷ್ಟೇ ವಿವರವಾಗಿ ಹೇಳಬೇಕೆಂದು ನನ್ನ ಮಗಳ ಶಾಲೆಗೆ ಪತ್ರ ಬರೆದಿದ್ದೇನೆ.

ಧಾರವಾಡದ ತಮ್ಮ

ಅಕ್ಕಾ, ನೇರವಾಗಿ ಕೇಳುತ್ತೇನೆ. ನಮ್ಮ ತಂಗಿಗೆ ಶ್ರಾವಣದಲ್ಲಿ ದಿನ ತುಂಬುತ್ತವೆ. ಹೊಸ ಕಲಘಟಗಿ ತೊಟ್ಟಿಲು ಕೊಳ್ಳುವ ಶಕ್ತಿ ನಮಗಿಲ್ಲ. ಮಾರುವುದಿಲ್ಲವೆಂದಾದರೆ ಆರು ತಿಂಗಳ ಮಟ್ಟಿಗೆ ಕೊಡುತ್ತೀರಾ? ನಮ್ಮದು ಹಳೆಯ ಮನೆ, ತೊಲೆಯಿದೆ, ಬಳೆಯೂ ಇದೆ.

ಹುಬ್ಬಳ್ಳಿಯ ಅಕ್ಕ

ಸಂದೇಶ ಕಳುಹಿಸಿ ತಮ್ಮಾ. ಒಂದು ಸರಪಳಿ ಸವೆದಿದೆ, ಅದನ್ನು ಬದಲಿಸಿಯೇ ಕೊಡುತ್ತೇನೆ. ಸಲಾಕೆಯ ಸಂದಿಯನ್ನು ಅಳೆದು ನೋಡಿದೆ, ಐದು ಸೆಂಟಿಮೀಟರ್ ಇದೆ. ನನ್ನ ತಮ್ಮಂದಿರು ಈ ಬರಹಗಳನ್ನೆಲ್ಲ ಓದಿದರು. ಚಿಕ್ಕವನು ಮೆತ್ತಗಾಗಿದ್ದಾನೆ, ದೊಡ್ಡವನು ಬೆಲೆಯ ಮಾತನ್ನು ಇನ್ನೂ ಬಿಟ್ಟಿಲ್ಲ. ಅವನ ಪಾಲಿನ ಹಣವನ್ನು ನಾನೇ ಕೊಡುವುದೆಂದು ತೀರ್ಮಾನಿಸಿದ್ದೇನೆ.

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವಳು

ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ಕೆಲಸಕ್ಕೆ ಸೇರಿದ ತೊಟ್ಟಿಲನ್ನು ಇನ್ನೂ ಯಾರೂ ಹೆಸರಿಸಲಿಲ್ಲ. ಸರ್ಕಾರಿ ಆಸ್ಪತ್ರೆಗಳ, ದತ್ತು ಕೇಂದ್ರಗಳ ಬಾಗಿಲ ಹತ್ತಿರ 'ಮಮತೆಯ ತೊಟ್ಟಿಲು' ಎಂದು ಬರೆದಿರುವುದನ್ನು ನೋಡಿರುತ್ತೀರಿ. ಸಾಕಲಾರದವರು ಮಗುವನ್ನು ಪೊದೆಯಲ್ಲೋ ಚರಂಡಿಯಲ್ಲೋ ಎಸೆಯದೆ ಅದರಲ್ಲಿ ಮಲಗಿಸಿ ಹೋಗಲಿ ಎಂದು ಇಟ್ಟದ್ದು. ತಮಿಳುನಾಡಿನಲ್ಲಿ ಇಂಥ ಯೋಜನೆ 1992ರಲ್ಲಿ ಸೇಲಂ ಜಿಲ್ಲೆಯಲ್ಲಿ ಶುರುವಾಯಿತು. ಹುಟ್ಟಿದ ಹೆಣ್ಣುಮಕ್ಕಳನ್ನು ಕೊಲ್ಲುತ್ತಿದ್ದುದನ್ನು ತಡೆಯುವುದು ಅದರ ಉದ್ದೇಶವಾಗಿತ್ತು.

ನಾನು ನೋಡಿದ ಒಂದು ತೊಟ್ಟಿಲು ಹೆರಿಗೆ ವಾರ್ಡಿನ ಹೊರಗಿನ ಕಾರಿಡಾರಿನಲ್ಲಿದೆ. ಬಿಳಿ ಬಣ್ಣದ ಕಬ್ಬಿಣದ್ದು, ಒಳಗೆ ಮಡಚಿಟ್ಟ ಹಸಿರು ಬಟ್ಟೆ. ಅದರ ಎದುರಿಗೇ ಒಮ್ಮೆ ಕಾವಲುಗಾರನ ಕುರ್ಚಿ ಹಾಕಿದ್ದರು. ಅಲ್ಲಿ ಯಾವ ತಾಯಿ ಬರುತ್ತಾಳೆ? ಕುರ್ಚಿಯನ್ನು ತೆಗೆಸಲು ಮಾತನಾಡಬೇಕಾಯಿತು. ಇಂಥ ತೊಟ್ಟಿಲಿಗೆ ಬೇಕಾದದ್ದು ನೋಡುವ ಕಣ್ಣುಗಳಲ್ಲ. ಮಗು ಇಟ್ಟ ಕೂಡಲೇ ಒಳಗೆ ಗಂಟೆ ಬಡಿಯಬೇಕು, ಇಟ್ಟವರ ಮುಖ ಯಾರಿಗೂ ಕಾಣಬಾರದು.

ತೋಟದ ಸಾಲು

ಮೇಡಂ, ಇಟ್ಟು ಹೋದ ಮೇಲೆ ಆ ತಾಯಿಗೆ ಮಗು ಬೇಕೆನಿಸಿದರೆ? ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬಹಳ. ಬೇಡವಾದ ಮಗುವನ್ನು ಗೊತ್ತಿದ್ದವರಿಗೆ ಕೊಟ್ಟುಬಿಡಿ ಎಂದು ಹೇಳುವ ದಲ್ಲಾಳಿಗಳೂ ಇದ್ದಾರೆ.

ಮಕ್ಕಳ ರಕ್ಷಣೆಯ ಕೆಲಸದಲ್ಲಿರುವವಳು

ಅಣ್ಣ, ಇದು ಎಲ್ಲರಿಗೂ ಗೊತ್ತಿರಬೇಕಾದ ವಿಷಯ, ಆದ್ದರಿಂದ ಬಿಡಿಸಿ ಬರೆಯುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ತಾಯಿ ಅಥವಾ ತಂದೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಿ ಮಗುವನ್ನು ಒಪ್ಪಿಸಬಹುದು. ಸಮಿತಿ ಅವರೊಂದಿಗೆ ಆಪ್ತಸಮಾಲೋಚನೆ ಮಾಡುತ್ತದೆ. ಬರೆದುಕೊಟ್ಟ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳ ಕಾಲಾವಕಾಶವಿದೆ. ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟುಹೋದ ಹೆತ್ತವರು ಬೇಕೆಂದೇ ಬಿಟ್ಟರು ಎಂದು ಭಾವಿಸಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ತೊಟ್ಟಿಲಿನಲ್ಲಿ ಸಿಕ್ಕ ಎರಡು ವರ್ಷದೊಳಗಿನ ಮಗುವಿನ ಹೆತ್ತವರನ್ನು ಹುಡುಕಲು ಸಮಿತಿಗೂ ಎರಡು ತಿಂಗಳ ಗಡುವಿದೆ. ಯಾರೂ ಬಾರದಿದ್ದರೆ ಆ ಮೇಲೆಯೇ ಮಗುವನ್ನು ದತ್ತುವಿಗೆ ಮುಕ್ತವೆಂದು ಘೋಷಿಸುತ್ತಾರೆ. ದತ್ತು ಬಯಸುವವರು ಕೇಂದ್ರದ ದತ್ತು ಪ್ರಾಧಿಕಾರವಾದ ಕಾರಾದ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಸರದಿಗೆ ಕಾಯಬೇಕು.

ದಲ್ಲಾಳಿಯ ಮೂಲಕ ಕೊಡುವುದು, ಕೊಳ್ಳುವುದು ಅಪರಾಧ. ಮಗುವನ್ನು ಮಾರಿದರೆ, ಕೊಂಡರೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ. ನಿಮ್ಮ ತೋಟದ ಸಾಲುಮನೆಗಳಲ್ಲಿ ಯಾವ ಹೆಣ್ಣುಮಗಳಾದರೂ ಈ ಇಕ್ಕಟ್ಟಿನಲ್ಲಿದ್ದರೆ ದಲ್ಲಾಳಿ ಬರುವ ಮೊದಲು 1098ಕ್ಕೆ ಕರೆ ಮಾಡಿಸಿ. ಹಗಲು ರಾತ್ರಿ ತೆರೆದಿರುತ್ತದೆ, ಕರೆಗೆ ಹಣವಿಲ್ಲ. ಮಾತನಾಡಲು ಅವಳಿಗೆ ಹೆದರಿಕೆಯಾದರೆ ಅವಳ ಪರವಾಗಿ ನೀವೇ ಮಾಡಬಹುದು.